ಹಾಸ್ಟೆಲ್ ರಾತ್ರಿ ಟೀ ನಿಲ್ಲಿಸಬೇಕಾ? ನಿದ್ದೆ, ಊಟ, ಟೆನ್ಷನ್ ಲೆಕ್ಕ ಗೊತ್ತಿರೋರು ಹೇಳಿ

ವಾರ್ಡನ್_ತುಮಕೂರು

ತುಮಕೂರಿನ ಡಿಗ್ರಿ ಹಾಸ್ಟೆಲ್. 70 ಹುಡುಗರು, 50 ಹುಡುಗಿಯರು. ಕಟ್ಟಡ ಬೇರೆ ಬೇರೆ, ಅಡುಗೆಮನೆ ಒಂದೇ. ವಯಸ್ಸು 18ರಿಂದ 22.

ಈಗ ಟೀ ನಡೀತಿರೋದು ಹೀಗೆ: ಬೆಳಿಗ್ಗೆ 7ಕ್ಕೆ ಬರೀ ಹೊಟ್ಟೆಗೆ ಒಂದು, 11ಕ್ಕೆ ಕಾಲೇಜು ಕ್ಯಾಂಟೀನಲ್ಲಿ ಒಂದು, ಸಂಜೆ 4:30ಕ್ಕೆ ಒಂದು, ಊಟ ಮುಗಿದ ಮೇಲೆ 9ಕ್ಕೆ ಒಂದು. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ರಾತ್ರಿ 11:30ಕ್ಕೆ ಇನ್ನೊಂದು ಕ್ಯಾನ್. ಬೆಳಿಗ್ಗೆ ತಿಂಡಿಗೆ ಅರ್ಧ ಜನ ಬರೋದೇ ಇಲ್ಲ, ಟೀ ಜೊತೆ ಎರಡು ಬಿಸ್ಕತ್ತು ತಿಂದು ಹೊರಟುಬಿಡ್ತಾರೆ. ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ, ತಲೆನೋವು, ಸಣ್ಣ ಮಾತಿಗೂ ಸಿಡುಕು: ದೂರುಗಳು ಇವೇ.

ಸಮಿತಿಯಲ್ಲಿ ಕೆಲವರು ‘ರಾತ್ರಿ ಟೀ ಬಂದ್ ಮಾಡಿ’ ಅಂತಾರೆ. ಮಕ್ಕಳು ‘ಟೆನ್ಷನ್ ಇಳಿಯೋದೇ ಟೀಯಿಂದ’ ಅಂತಾರೆ. ಯಾರು ಸರಿ? ನಿಲ್ಲಿಸೋದಾದ್ರೆ ಹೇಗೆ, ಬದಲಿಗೆ ಏನು ಕೊಡೋದು? ಕೊಟ್ಟ ಮೇಲೆ ಉಪಯೋಗ ಆಯ್ತೋ ಇಲ್ಲವೋ ಅಂತ ತಿಳಿಯೋದು ಹೇಗೆ?

ಕ್ಯಾನ್_ಲೆಕ್ಕ (ಕ್ಯಾತ್ಸಂದ್ರ)

ಸರ್, ‘ಒಂದು ಟೀ’ ಅಂದ್ರೆ ಎಷ್ಟು ಅನ್ನೋದು ಮೊದಲು ಇತ್ಯರ್ಥ ಆಗಲಿ. ಅಡುಗೆಮನೇಲಿ ಟೀಪುಡಿ ಹಾಕೋದು ತಕ್ಕಡಿಯಿಂದಲೋ, ಮುಷ್ಟಿಯಿಂದಲೋ? ಮುಷ್ಟಿ ಆದ್ರೆ ಇವತ್ತಿನ ಟೀಗೂ ನಾಳೆಯ ಟೀಗೂ ಒಂದೂವರೆ ಪಟ್ಟು ವ್ಯತ್ಯಾಸ ಬಂದೇ ಬರುತ್ತೆ.

120 ಜನಕ್ಕೆ 100 ಮಿಲೀ ಲೆಕ್ಕದಲ್ಲಿ 12 ಲೀಟರ್ ಬೇಕು. ನೀರು 6.5 ಲೀಟರ್, ಹಾಲು 6 ಲೀಟರ್ (ಅರ್ಧ ಲೀಟರ್ ಆವಿಯಾಗಿ ಹೋಗುತ್ತೆ), ಪುಡಿ 240 ಗ್ರಾಂ, ಸಕ್ಕರೆ 1.2 ಕೆಜಿ. ಅಂದ್ರೆ ತಲೆಗೆ 2 ಗ್ರಾಂ ಪುಡಿ, 10 ಗ್ರಾಂ ಸಕ್ಕರೆ. ಹೋಟೆಲಿನ ಮಾಮೂಲಿ ಟೀ ಇದೇ. ನೀರು ಕುದಿ ಬಂದ ಮೇಲೆ ಪುಡಿ ಹಾಕಿ 3–4 ನಿಮಿಷ ಕುದಿಸಿ, ಸೋಸಿ, ಬೇರೆ ಕಾಯಿಸಿದ ಹಾಲು ಬೆರೆಸಬೇಕು. ಪುಡಿ ಪಾತ್ರೇಲಿ ಉಳಿಯಬಾರದು.

ಹಾಸ್ಟೆಲಲ್ಲಿ ಕೆಡೋದು ಇಲ್ಲೇ. ಪುಡಿ ಸಮೇತ ಸಣ್ಣ ಉರಿ ಮೇಲೆ ಅರ್ಧ ಗಂಟೆ ಬಿಟ್ಟಿರ್ತಾರೆ. ಮುಗೀತು ಅಂದ್ರೆ ಹಳೇ ಪುಡಿ ಮೇಲೇ ಹೊಸ ಪುಡಿ, ಹೊಸ ನೀರು. ಸಾಲಲ್ಲಿ ಮೊದಲು ನಿಂತವನಿಗೆ ಹಾಲಿನಂಥ ಟೀ, ಕೊನೆಯವನಿಗೆ ಕಷಾಯ. ಒಗರು ಜಾಸ್ತಿ ಆಯ್ತು ಅಂತ ಸಕ್ಕರೆ ಸುರೀತಾರೆ. ಇನ್ನೊಂದು ತಪ್ಪು ತಿಳಿವಳಿಕೆ: ‘ಹಾಲು ಜಾಸ್ತಿ ಹಾಕಿದೀವಿ, ಲೈಟ್ ಟೀ’. ಹಾಲು ಎಷ್ಟು ಹಾಕಿದ್ರೂ ಕೆಫೀನ್ (ಟೀಯಲ್ಲಿ ನಿದ್ದೆ ಓಡಿಸೋ ಅಂಶ) ಇರೋದು ಪುಡಿಯ ಗ್ರಾಂ ಮೇಲೆ. ಸಿಟಿಸಿ ಪುಡಿ (ಯಂತ್ರದಲ್ಲಿ ಹಿಂಡಿ ಕಾಳು ಮಾಡಿದ ಮಾಮೂಲಿ ಟೀಪುಡಿ) ಸಣ್ಣ ಕಾಳು, ಕೆಫೀನಿನ ಬಹುಪಾಲು ಮೊದಲ ಮೂರ್ನಾಲ್ಕು ನಿಮಿಷದಲ್ಲೇ ಇಳಿದುಬಿಡುತ್ತೆ. ಆಮೇಲೆ ಕುದಿಸಿದಷ್ಟೂ ಬರೋದು ಒಗರು.

100 ಮಿಲೀಗಿಂತ ದೊಡ್ಡ ಲೋಟ ಇಟ್ಟಿದ್ರೆ ಮೊದಲು ಅದನ್ನ ಬದಲಾಯಿಸಿ. ಲೋಟ ದೊಡ್ಡದಾಗಿದ್ರೆ ಸೌಟೂ ದೊಡ್ಡದಾಗುತ್ತೆ.

ನಿದ್ದೆ_ವಿಭಾಗ

ಮೇಲಿನವರ 2 ಗ್ರಾಂ ಲೆಕ್ಕ ಹಿಡಿದೇ ಹೇಳ್ತೀನಿ. ಆ ಪುಡಿಯಿಂದ ಲೋಟಕ್ಕೆ ಸುಮಾರು 40–50 ಮಿಲಿಗ್ರಾಂ ಕೆಫೀನ್ ಇಳಿಯುತ್ತೆ. 45 ಅಂತ ಇಟ್ಟುಕೊಳ್ಳಿ. ಐದು ಟೀಗೆ 225. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿ ಹೇಳೋ ದಿನದ ಮಿತಿ 300 ಮಿಲಿಗ್ರಾಂ. ಅಂದ್ರೆ ನಿಮ್ಮ ಮಕ್ಕಳು ಪರೀಕ್ಷೆ ದಿನದಲ್ಲೂ ಮಿತಿಯ ಒಳಗೇ ಇದ್ದಾರೆ. ಆದರೂ ನಿದ್ದೆ ಹೋಗಿದೆ. ತಪ್ಪು ಇರೋದು ಎಷ್ಟು ಲೋಟ ಅನ್ನೋದರಲ್ಲಲ್ಲ, ಯಾವ ಗಂಟೆಗೆ ಅನ್ನೋದರಲ್ಲಿ.

ಕುಡಿದ ಕೆಫೀನಿನಲ್ಲಿ ಅರ್ಧ ರಕ್ತದಿಂದ ಹೋಗೋಕೆ ಸರಾಸರಿ 5 ಗಂಟೆ ಬೇಕು. ರಾತ್ರಿ 12ಕ್ಕೆ ದೀಪ ಆರಿಸ್ತಾರೆ ಅಂದುಕೊಳ್ಳಿ. ಆಗ ಮೈಯಲ್ಲಿ ಉಳಿದಿರೋದು: 7 ಗಂಟೆಯ ಟೀಯಿಂದ 4 ಮಿಲಿಗ್ರಾಂ, 11ರದ್ದರಿಂದ 7, 4:30ರದ್ದರಿಂದ 16, 9ರದ್ದರಿಂದ 30, 11:30ರದ್ದು ಹೆಚ್ಚುಕಮ್ಮಿ ಪೂರ್ತಿ. ಕೂಡಿದ್ರೆ 100ರ ಹತ್ತಿರ. ಎರಡು ಲೋಟ ಟೀ ಕುಡಿದು ಹಾಸಿಗೆಗೆ ಹೋದಂಗೆ. ಕೊನೆಯ ಎರಡನ್ನು ತೆಗೆದುಬಿಟ್ಟರೆ ಉಳಿಯೋದು 27. ನಿದ್ದೆ ಮಟ್ಟಿಗೆ ಬೆಳಗಿನ ಟೀ ಬದಲಾಯಿಸೋದೇ ಬೇಡ, ಅದು ಏನೂ ಮಾಡ್ತಿಲ್ಲ.

ಈ 5 ಗಂಟೆ ಎಲ್ಲರಿಗೂ ಒಂದೇ ಅಲ್ಲ. ಸಿಗರೇಟು ಸೇದುವವರಲ್ಲಿ ಕೆಫೀನ್ ಬೇಗ ಕರಗುತ್ತೆ. ಅವರೇ ಸಿಗರೇಟು ಬಿಟ್ಟಾಗ ಅಷ್ಟೇ ಟೀ ಇದ್ದಕ್ಕಿದ್ದಂತೆ ಜಾಸ್ತಿ ಅನ್ನಿಸಿ ಕೈ ನಡುಗುತ್ತೆ, ಬಿಟ್ಟಿದ್ದೇ ತಪ್ಪಾಯ್ತು ಅಂದುಕೊಳ್ತಾರೆ. ಪಿಸಿಓಡಿಗೆ (ಅಂಡಾಶಯದ ಹಾರ್ಮೋನ್ ತೊಂದರೆ) ಅಂತ ಹಾರ್ಮೋನ್ ಗರ್ಭನಿರೋಧಕ ಮಾತ್ರೆ ತಗೊಳ್ಳೋ ಹುಡುಗಿಯರಲ್ಲಿ ಇದರ ಉಲ್ಟಾ, ಅವಧಿ ಸುಮಾರು ಎರಡು ಪಟ್ಟಾಗುತ್ತೆ. ಅವರಿಗೆ 4:30ರ ಟೀ ಕೂಡ ರಾತ್ರಿಯ ಟೀಯೇ.

‘ಟೀಯಿಂದ ಟೆನ್ಷನ್ ಇಳಿಯುತ್ತೆ’ ಅನ್ನೋದು ಪೂರ್ತಿ ಸುಳ್ಳೂ ಅಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 75 ಗಂಡಸರು, ಆರು ವಾರ. ಒಂದು ಗುಂಪಿಗೆ ಕಪ್ಪು ಟೀ, ಇನ್ನೊಂದಕ್ಕೆ ಅದೇ ರುಚಿಯ, ಅಷ್ಟೇ ಕೆಫೀನ್ ಇರೋ ನಕಲಿ ಟೀ. ಒತ್ತಡದ ಕೆಲಸ ಕೊಟ್ಟಾಗ ಬಿಪಿ, ಎದೆಬಡಿತ ಎರಡೂ ಗುಂಪಿಗೆ ಒಂದೇ ಥರ ಏರಿತು. ಆದ್ರೆ 50 ನಿಮಿಷದ ನಂತರ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಟೀ ಗುಂಪಿನಲ್ಲಿ 47%, ಇನ್ನೊಂದರಲ್ಲಿ 27% ಇಳಿದಿತ್ತು. ಟೀ ಒತ್ತಡ ತಡೆಯಲಿಲ್ಲ, ಇಳಿಯೋದನ್ನ ಚುರುಕು ಮಾಡ್ತು. ಅದು ಹಾಲು ಸಕ್ಕರೆಯ ಟೀ ಅಲ್ಲ, ರಾತ್ರಿ 11:30ರ ಟೀಯೂ ಅಲ್ಲ ಅನ್ನೋದು ಬೇರೆ.

ಮಕ್ಕಳಿಗೆ ಆಗೋ ‘ಹಾಯ್’ ಅನ್ನೋ ಅನುಭವದಲ್ಲಿ ದೊಡ್ಡ ಪಾಲು ಬೇರೆ ಕಡೆಯಿಂದ ಬರುತ್ತೆ. ದಿನಾ ಕುಡಿಯುವವರಿಗೆ 12 ಗಂಟೆ ಟೀ ಇಲ್ಲದಿದ್ರೆ ತಲೆ ಭಾರ, ಸಿಡುಕು ಶುರು. ಒಂದು ಗುಟುಕಿಗೆ ಅದು ಹೋಗುತ್ತೆ. ಟೀ ತಂದ ಕಷ್ಟವನ್ನ ಟೀಯೇ ಕಳೆಯಿತು, ಹೆಸರು ಮಾತ್ರ ಪರೀಕ್ಷೆ ಟೆನ್ಷನ್‌ದು.

ವಾರ್ಡನ್_ತುಮಕೂರು

ಹಾಗಾದ್ರೆ 9 ಮತ್ತು 11:30ರದ್ದು ನಾಳೆಯಿಂದಲೇ ನಿಲ್ಲಿಸಿಬಿಡಲಾ? ಒಂದೇ ಭಯ: ಗೇಟಿನ ಆಚೆ ಹೈವೇ ಪಕ್ಕ ಟೀ ಅಂಗಡಿ ಮಧ್ಯರಾತ್ರಿವರೆಗೂ ತೆಗೆದಿರುತ್ತೆ.

ನಿದ್ದೆ_ವಿಭಾಗ

ನಾಳೆಯಿಂದ ಬೇಡ ಸರ್. ಪರೀಕ್ಷೆಗೆ ಎರಡು ವಾರದೊಳಗಿದ್ರೆ ಅಂತೂ ಖಂಡಿತ ಬೇಡ. ಒಮ್ಮೆಗೇ ನಿಲ್ಲಿಸಿದ್ರೆ ತಲೆನೋವು ಮೊದಲ ದಿನವೇ ಶುರುವಾಗಿ, ಎರಡನೇ ದಿನಕ್ಕೆ ಜೋರಾಗಿ, ವಾರದವರೆಗೂ ಎಳೀಬಹುದು. ಅದೇ ವಾರ ಪರೀಕ್ಷೆ ಬಂದ್ರೆ ನಿಮ್ಮನ್ನ ಬೈಯೋದು ನ್ಯಾಯವೇ.

9 ಗಂಟೆಯ ಕ್ಯಾನಿಗೆ 240 ಗ್ರಾಂ ಪುಡಿ ಹೋಗ್ತಿದ್ರೆ ಮೂರು ದಿನ 180, ಮೂರು ದಿನ 120, ಮೂರು ದಿನ 60, ಹತ್ತನೇ ದಿನ ಸೊನ್ನೆ. ಶುಂಠಿ ಏಲಕ್ಕಿ ಹಾಕಿ ರುಚಿ ಕಾಪಾಡಿಕೊಳ್ಳಿ. 120ರ ತನಕ ಬಹಳ ಜನಕ್ಕೆ ಗೊತ್ತೂ ಆಗಲ್ಲ. 11:30ರದ್ದು ಪರೀಕ್ಷೆ ಕಾಲಕ್ಕೆ ಮಾತ್ರ ಇರೋದ್ರಿಂದ ಮುಂದಿನ ಸೆಮಿಸ್ಟರಲ್ಲಿ ಶುರು ಮಾಡದಿದ್ರೆ ಆಯ್ತು.

ಹೈವೇ ಅಂಗಡಿಗಿಂತ ಹೆದರಬೇಕಾದ್ದು ರೂಮಿನೊಳಗಿನ ಸರಕಿಗೆ. ಎನರ್ಜಿ ಡ್ರಿಂಕಿನ 250 ಮಿಲೀ ಡಬ್ಬಿಯಲ್ಲಿ ಸುಮಾರು 75 ಮಿಲಿಗ್ರಾಂ ಇರುತ್ತೆ. ಇನ್‌ಸ್ಟಂಟ್ ಕಾಫಿ ಪೊಟ್ಟಣ ಬಿಸಿನೀರಿಗೆ ಸುರಿದ್ರೆ ಇನ್ನೊಂದು 50–65. ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಸೇರಿಸಿರ್ತಾರೆ, ಹಾಳೆಯ ಹಿಂದೆ ಓದಿ ನೋಡಿ. ರಾತ್ರಿ ಹತ್ತಕ್ಕೆ ಅದನ್ನ ನುಂಗಿ ‘ಟೀ ಬಿಟ್ಟರೂ ನಿದ್ದೆ ಬರ್ತಿಲ್ಲ’ ಅನ್ನುವವರು ಇದ್ದೇ ಇರ್ತಾರೆ.

ಆಹಾರ_ಕೋಲಾರ

ಹುಡುಗಿಯರೂ ಇದ್ದಾರೆ ಅಂದಿರಿ, ಹಾಗಾಗಿ ಕಬ್ಬಿಣಾಂಶದ ವಿಷಯ ಬಿಡೋ ಹಾಗಿಲ್ಲ. ಸುಸ್ತು, ಏಕಾಗ್ರತೆ ಇಲ್ಲ, ಎದೆ ಡವಡವ: ಇವು ಒತ್ತಡದ ಲಕ್ಷಣಗಳೂ ಹೌದು, ರಕ್ತಹೀನತೆಯ ಲಕ್ಷಣಗಳೂ ಹೌದು. ದಿನಕ್ಕೆ ಹೆಣ್ಣುಮಕ್ಕಳಿಗೆ 29 ಮಿಲಿಗ್ರಾಂ, ಗಂಡುಮಕ್ಕಳಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಐಸಿಎಂಆರ್ 2020ರ ಶಿಫಾರಸು. ನಮ್ಮ ಕಡೆ ಅದು ಬರೋದು ಹುರುಳಿ ಬಸ್ಸಾರು, ಸೊಪ್ಪಿನ ಸಾರು, ರಾಗಿ, ಕಾಳುಗಳಿಂದ. ಗಿಡದಿಂದ ಬರೋ ಈ ಕಬ್ಬಿಣವನ್ನ ಟೀಯ ಟ್ಯಾನಿನ್ (ಒಗರಿನ ಅಂಶ) ಹೊಟ್ಟೆಯಲ್ಲೇ ಕಟ್ಟಿಹಾಕುತ್ತೆ. ಊಟದ ಜೊತೆ ಸ್ಟ್ರಾಂಗ್ ಟೀ ಕುಡಿದ್ರೆ ಹೀರಿಕೆ ಅರ್ಧಕ್ಕಿಂತ ಕೆಳಗೆ ಬೀಳಬಹುದು. ಹಾಲು ಹಾಕಿದ್ರೆ ಸರಿಹೋಗುತ್ತೆ ಅನ್ನೋದನ್ನ ನಂಬಬೇಡಿ, ಅದರಿಂದ ಹೆಚ್ಚೇನೂ ಬದಲಾಗಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಟೀ ಬೇಡ. ಐಸಿಎಂಆರ್ ಹೇಳೋದೂ ಇದನ್ನೇ. ನಿಮ್ಮ 9 ಗಂಟೆಯ ಟೀ ನಿದ್ದೆಗೂ ಕೆಟ್ಟದ್ದು, ರಾತ್ರಿಯ ಮುದ್ದೆ ಬಸ್ಸಾರಿಗೂ ಕೆಟ್ಟದ್ದು. ಸಾರು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡೋದು, ಊಟಕ್ಕೆ ಒಂದು ಸೀಬೆಹಣ್ಣಿನ ಹೋಳು ಇಡೋದು ಕಬ್ಬಿಣ ಹೀರಿಕೆಗೆ ಸಹಾಯ. ಕುದಿಯುವಾಗಲೇ ನಿಂಬೆ ಹಾಕಿದ್ರೆ ಸಿ ಜೀವಸತ್ವ ಬೆಂದು ಹೋಗುತ್ತೆ.

ಬೆಳಗಿನ ತಿಂಡಿಗೆ ಯಾಕೆ ಬರಲ್ಲ ಅಂದ್ರೆ, 7ರ ಟೀ ಸಕ್ಕರೆ ಬಿಸ್ಕತ್ತಿನಿಂದ ಹಸಿವು ಒಂದೂವರೆ ಗಂಟೆ ಮುಚ್ಚಿಹೋಗಿರುತ್ತೆ. ಅದು ತೆರೆಯೋ ಹೊತ್ತಿಗೆ ಅವರು ಕ್ಲಾಸಲ್ಲಿ. 11ಕ್ಕೆ ಮತ್ತೆ ಟೀ, ಜೊತೆಗೆ ಬನ್ನೋ ಬೋಂಡಾನೋ. 7ರದ್ದನ್ನ ಅರ್ಧ ಲೋಟ ಮಾಡಿ, ಬಿಸ್ಕತ್ತು ತೆಗೆಯಿರಿ, ತಿಂಡಿ 8ಕ್ಕೆ ಬಿಸಿಯಾಗಿ ಬರಲಿ. ತಟ್ಟೆ ಇಡ್ಲಿ ದಿನ ಯಾರೂ ತಪ್ಪಿಸಲ್ಲ, ತಪ್ಪಿಸೋದು ತಣ್ಣಗಾದ ಉಪ್ಪಿಟ್ಟಿನ ದಿನ. ಇದಕ್ಕೆ ಪೌಷ್ಟಿಕತೆಯ ಪಾಠ ಬೇಕಿಲ್ಲ, ಅಡುಗೆಯವರ ಜೊತೆ ಮಾತು ಬೇಕು.

ಸಕ್ಕರೆಯದ್ದು ಚಿಕ್ಕದಾಗಿ: ಲೋಟಕ್ಕೆ 10 ಗ್ರಾಂನಂತೆ ಐದು ಟೀಗೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮೇಲಿನ ಮಿತಿಯೇ 2000 ಕ್ಯಾಲೊರಿಗೆ 50 ಗ್ರಾಂ, 25ರೊಳಗಿದ್ರೆ ಒಳ್ಳೇದು. 1.2 ಕೆಜಿ ಹೋಗೋ ಕಡೆ ವಾರಕ್ಕೆ 100 ಗ್ರಾಂ ಇಳಿಸುತ್ತಾ 700ಕ್ಕೆ ತನ್ನಿ.

ನಿದ್ದೆ ಕಮ್ಮಿ ಆದ್ರೆ ತಿನ್ನೋದೂ ಕೆಡುತ್ತೆ, ಇದು ಬರೀ ಚಪಲ ಅಲ್ಲ. 2004ರ ಒಂದು ಪ್ರಯೋಗದಲ್ಲಿ 12 ಯುವಕರನ್ನ ಎರಡು ರಾತ್ರಿ ಹಾಸಿಗೆಯಲ್ಲಿ 4 ಗಂಟೆ ಮಾತ್ರ ಬಿಟ್ಟಾಗ, 10 ಗಂಟೆ ಬಿಟ್ಟದ್ದಕ್ಕೆ ಹೋಲಿಸಿದ್ರೆ ಹೊಟ್ಟೆ ತುಂಬಿತು ಅನ್ನಿಸೋ ಲೆಪ್ಟಿನ್ 18% ಇಳಿದು, ಹಸಿವಿನ ಗ್ರೆಲಿನ್ 28% ಏರಿತ್ತು. ಬಯಕೆ ಹೋಗಿದ್ದು ಸಿಹಿ, ಉಪ್ಪು, ಹಿಟ್ಟಿನ ಪದಾರ್ಥಗಳ ಕಡೆಗೆ.

ಇನ್ನು ರಾತ್ರಿಗೆ ಬದಲಿ. 8ಕ್ಕೆ ಊಟ ಮಾಡಿ 12ರವರೆಗೆ ಓದುವವರಿಗೆ 10:30ಕ್ಕೆ ಹಸಿವಾಗೋದು ಸಹಜ, ಅದನ್ನೇ ಟೀ ಬೇಕು ಅಂತ ತಿಳೀತಾರೆ. ರಾಗಿ ಅಂಬಲಿ ಕೊಡಿ. 120 ಜನಕ್ಕೆ ತಲಾ 200 ಮಿಲೀ: ರಾಗಿಹಿಟ್ಟು 1.8 ಕೆಜಿ, ನೀರು 17 ಲೀಟರ್, ಮಜ್ಜಿಗೆ 6–7 ಲೀಟರ್, ಉಪ್ಪು, ಜೀರಿಗೆ, ಕೊತ್ತಂಬರಿ. ಹಿಟ್ಟನ್ನ ಮೊದಲು 4 ಲೀಟರ್ ತಣ್ಣೀರಲ್ಲಿ ಕದಡಿ, ಕುದಿಯೋ ಮಿಕ್ಕ ನೀರಿಗೆ ಕೈಯಾಡಿಸುತ್ತಾ ಸುರಿದು 8–10 ನಿಮಿಷ ಬೇಯಿಸಿ. ನೇರ ಕುದಿನೀರಿಗೆ ಹಿಟ್ಟು ಹಾಕಿದ್ರೆ ಗಂಟು ಖಚಿತ. ಮಜ್ಜಿಗೆ ಸೇರಿಸೋದು ಪೂರ್ತಿ ಆರಿದ ಮೇಲೆ, ಬಿಸಿಯಲ್ಲಿ ಹಾಕಿದ್ರೆ ಒಡೆಯುತ್ತೆ. ಜೊತೆಗೆ ತಲಾ 30 ಗ್ರಾಂ ಹುರಿಗಡಲೆ. ಅದರಲ್ಲಿ 6 ಗ್ರಾಂನಷ್ಟು ಪ್ರೋಟೀನ್ ಸಿಗುತ್ತೆ.

ವಿಷಯಕ್ಕೆ ಸ್ವಲ್ಪ ಹೊರಗಿನದು: ಟೀಗೆ ಬೋರ್‌ವೆಲ್ ನೀರು ಬಳಸ್ತಿದ್ರೆ ಪರೀಕ್ಷೆ ಮಾಡಿಸಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಫ್ಲೋರೈಡ್ ಇದ್ದೇ ಇದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದ್ರೆ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಟೀಸೊಪ್ಪೂ ತನ್ನ ಪಾಲಿನ ಫ್ಲೋರೈಡ್ ಬಿಡುತ್ತೆ. ಕುಡಿಯೋಕೆ ಶುದ್ಧ ನೀರಿನ ಘಟಕದ ನೀರು, ಟೀಗೆ ಮಾತ್ರ ನಲ್ಲಿ ನೀರು ಅನ್ನೋ ಪದ್ಧತಿ ಬಹಳ ಕಡೆ ಇದೆ.

ಪ್ರಶ್ನಾವಳಿ_ಚಿಕ್ಕಬಳ್ಳಾಪುರ

ಉಪಯೋಗ ಆಯ್ತಾ ಅಂತ ತಿಳಿಯೋದು ಹೇಗೆ ಅನ್ನೋದಕ್ಕೆ ಇನ್ನೂ ಯಾರೂ ಕೈ ಹಾಕಿಲ್ಲ, ಹಾಗಾಗಿ.

ಒತ್ತಡ ಅಳೆಯೋಕೆ ಪಿಎಸ್‌ಎಸ್-10 ಅನ್ನೋ ಹತ್ತು ಪ್ರಶ್ನೆಗಳ ಪಟ್ಟಿ ಸಾಕು. ಮೂಲ 1983ರದ್ದು. ಪ್ರತಿ ಪ್ರಶ್ನೆಗೆ 0ಯಿಂದ 4, ಒಟ್ಟು 40. ಎಲ್ಲರೂ ಎಡವೋದು ಒಂದೇ ಕಡೆ: 4, 5, 7, 8ನೇ ಪ್ರಶ್ನೆಗಳು ಒಳ್ಳೇ ಭಾವನೆಯ ಬಗ್ಗೆ ಇವೆ, ಅವಕ್ಕೆ ಅಂಕ ತಿರುಗಿಸಬೇಕು; 0 ಇದ್ರೆ 4, 1 ಇದ್ರೆ 3. ಮರೆತರೆ ನಿರಾಳವಾಗಿರೋನು, ಕುಸಿದಿರೋನು ಇಬ್ಬರೂ 20ರ ಆಸುಪಾಸಿಗೆ ಬಂದು ಕೂರ್ತಾರೆ. ಇದು ರೋಗ ಪತ್ತೆಯ ಪಟ್ಟಿ ಅಲ್ಲ, ‘27 ಬಂತು, ಇವನಿಗೆ ಖಾಯಿಲೆ’ ಅನ್ನಬೇಡಿ. ಕಳೆದ ಒಂದು ತಿಂಗಳ ಬಗ್ಗೆ ಕೇಳೋ ಪಟ್ಟಿ, ಆದ್ದರಿಂದ ಟೀ ನಿಲ್ಲಿಸಿದ ಎರಡನೇ ವಾರಕ್ಕೆ ಮತ್ತೆ ಕೇಳಿದ್ರೆ ಹಳೇ ತಿಂಗಳೇ ಉತ್ತರ ಹೇಳುತ್ತೆ. ಕನಿಷ್ಠ ಐದು ವಾರ ಬಿಡಿ.

ನಿದ್ದೆಗೆ ಏಳು ರಾತ್ರಿಯ ಚೀಟಿ ಇಡಿ: ಹಾಸಿಗೆಗೆ ಹೋಗಿದ್ದು, ನಿದ್ದೆ ಬಂದಿದ್ದು, ಎದ್ದಿದ್ದು, ಕೊನೇ ಟೀ ಎಷ್ಟು ಗಂಟೆಗೆ, ಸಿಗರೇಟು ಇದೆಯಾ. ಮಲಗಿದ್ದ ಗಂಟೆಯಲ್ಲಿ ನಿದ್ದೆ ಮಾಡಿದ್ದು ಶೇಕಡ ಎಷ್ಟು ಅಂತ ನೋಡಿ, 85ಕ್ಕಿಂತ ಕಮ್ಮಿ ಇದ್ರೆ ನಿದ್ದೆ ಸರಿಯಿಲ್ಲ. ‘ದಿನಕ್ಕೆ ಎಷ್ಟು ಟೀ’ ಅಂತ ಸುಮ್ಮನೆ ಕೇಳಬೇಡಿ. ಬೈಟು ಕುಡಿದವನು ಒಂದು ಅಂತಲೂ ಬರೀತಾನೆ, ಅರ್ಧ ಅಂತಲೂ ಬರೀತಾನೆ. ಹೆಸರು ಬೇಡ, ಅವರೇ ಇಟ್ಟುಕೊಂಡ ನಾಲ್ಕಂಕಿ ಸಂಖ್ಯೆ ಸಾಕು. ವಾರ್ಡನ್ ಕೈಗೆ ಹೋಗೋ ಚೀಟಿಯಲ್ಲಿ ಸಿಗರೇಟಿನ ಕಲಂ ಖಾಲಿಯೇ ಇರುತ್ತೆ, ಇದು ನಿಮ್ಮ ತಪ್ಪಲ್ಲ.

ಇನ್ನೊಂದು. ಪರೀಕ್ಷೆ ಹೊತ್ತಲ್ಲಿ ಮೊದಲ ಸಲ, ಪರೀಕ್ಷೆ ಮುಗಿದ ಮೇಲೆ ಎರಡನೇ ಸಲ ಅಳೆದ್ರೆ ಟೀ ನಿಲ್ಲಿಸಿದ್ರೂ ಅಂಕ ಇಳಿಯುತ್ತೆ, ದುಪ್ಪಟ್ಟು ಕೊಟ್ಟಿದ್ರೂ ಇಳಿಯುತ್ತೆ. ಎರಡು ಕಟ್ಟಡ ಇದೆಯಲ್ಲ, ಮೊದಲು ಒಂದರಲ್ಲಿ ಬದಲಾಯಿಸಿ, ಇನ್ನೊಂದನ್ನ ಐದು ವಾರ ಹಾಗೇ ಬಿಡಿ. ಹುಡುಗರು ಹುಡುಗಿಯರು ಬೇರೆ ಅನ್ನೋ ತೊಡಕು ಉಳಿಯುತ್ತೆ. ಮಹಡಿ ಲೆಕ್ಕದಲ್ಲಿ ಭಾಗ ಮಾಡಿದ್ರೆ ಅದೂ ಹೋಗುತ್ತೆ, ಆದ್ರೆ ಮೇಲಿನ ಮಹಡಿಯವರು ಕೆಳಗಿಳಿದು ಬಂದು ಟೀ ಕುಡೀತಾರೆ. ಜಾಸ್ತಿ ಟೀ ಕುಡಿಯೋರಲ್ಲಿ ಒತ್ತಡ ಜಾಸ್ತಿ ಕಂಡರೆ ‘ಟೀಯೇ ಕಾರಣ’ ಅಂತ ನೋಟಿಸ್ ಬೋರ್ಡಿಗೆ ಹಾಕಬೇಡಿ. ಒತ್ತಡ ಇರೋನೇ ಜಾಸ್ತಿ ಟೀ ಕುಡಿಯೋದು ಕೂಡ ಅಷ್ಟೇ ನಿಜ.

ನಿದ್ದೆ_ವಿಭಾಗ

ಆ ಕೊನೇ ಮಾತು ಸರಿ. ಅದಕ್ಕೇ ಟೀ ತೆಗೆದ ಮಾತ್ರಕ್ಕೆ ಎಲ್ಲರಿಗೂ ನಿದ್ದೆ ಬರಲ್ಲ. ಕೆಲವರಿಗೆ ಹಾಸಿಗೆ ಅಂದ್ರೇ ಚಿಂತೆಯ ಜಾಗ ಆಗಿಹೋಗಿರುತ್ತೆ. ಅಂಥವರಿಗೆ: ಏಳೋ ಸಮಯ ಒಂದೇ ಇರಲಿ, ಭಾನುವಾರವೂ. ಹಾಸಿಗೆ ಮೇಲೆ ಕೂತು ಓದಬಾರದು, ಕುರ್ಚಿ ಇಲ್ಲದಿದ್ರೆ ಊಟದ ಹಾಲ್ 12ರವರೆಗೆ ತೆಗೆದಿಡಿ. ಮಲಗಿ ಸುಮಾರು 20 ನಿಮಿಷವಾದ್ರೂ ನಿದ್ದೆ ಬರದಿದ್ರೆ ಎದ್ದು ಹೊರಗೆ ಮಂದ ಬೆಳಕಲ್ಲಿ ಕೂತು, ಕಣ್ಣು ಎಳೆದಾಗ ಮಾತ್ರ ವಾಪಸ್. ಗಡಿಯಾರ ನೋಡುತ್ತಾ ಹೊರಳಾಡೋದು ಬೇಡ. ಹಗಲು ನಿದ್ದೆ 3 ಗಂಟೆಗೆ ಮುಂಚೆ, 20 ನಿಮಿಷ, ಅಲಾರಾಂ ಇಟ್ಟು. ರೂಮಿಗೆ ನಾಲ್ಕು ಜನ ಇದ್ರೆ ಒಬ್ಬನ ಟ್ಯೂಬ್‌ಲೈಟ್ ಮೂವರ ನಿದ್ದೆ ತೆಗೆಯುತ್ತೆ. ಮೇಜಿನ ಸಣ್ಣ ದೀಪ ಕೊಡಿಸಿ, ಟೀ ಉಳಿಸಿದ ದುಡ್ಡಲ್ಲೇ ಬರುತ್ತೆ.

ಎದೆ ಡವಡವ, ಸುಸ್ತು ಮೂರು ವಾರದಲ್ಲೂ ಇಳಿಯದಿದ್ರೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಮಾಡಿಸಿ. ಹಿಮೋಗ್ಲೋಬಿನ್ ಹುಡುಗಿಯರಿಗೆ 12, ಹುಡುಗರಿಗೆ 13ಕ್ಕಿಂತ ಕೆಳಗಿದ್ರೆ ರಕ್ತಹೀನತೆ. ಎರಡು ವಾರದಿಂದ ಮಂಕಾಗಿರೋದು, ಊಟ ಬಿಟ್ಟಿರೋದು, ಬದುಕಿ ಏನು ಪ್ರಯೋಜನ ಅನ್ನೋ ಮಾತು ಬಂದ್ರೆ ಟೀ ಚರ್ಚೆ ಅಲ್ಲಿಗೇ ಬಿಡಿ. ಒಬ್ಬರನ್ನೇ ಬಿಡದೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಂಬರನ್ನ ಟೀ ಕೊಡೋ ಕಟ್ಟೆ ಪಕ್ಕ ಬರೆಸಿಹಾಕಿ, ಎಲ್ಲರೂ ನಿಲ್ಲೋದು ಅಲ್ಲೇ.

ವಾರ್ಡನ್_ತುಮಕೂರು

ಹೀಗೆ ಬರೆದುಕೊಂಡೆ: 7ಕ್ಕೆ ಅರ್ಧ ಲೋಟ, 8ಕ್ಕೆ ಬಿಸಿ ತಿಂಡಿ, 11ರದ್ದು ಕ್ಯಾಂಟೀನ್ ಬಿಟ್ಟದ್ದು, 4:30ಕ್ಕೆ ಟೀ, 10:30ಕ್ಕೆ ಅಂಬಲಿ ಹುರಿಗಡಲೆ. 9ರ ಕ್ಯಾನ್ 180, 120, 60, ಸೊನ್ನೆ. ಶುರು ಮಾಡೋದು ಪರೀಕ್ಷೆ ಮುಗಿದು ಹೊಸ ಸೆಮಿಸ್ಟರ್ ಎರಡನೇ ವಾರಕ್ಕೆ. ಅಂಬಲಿಯನ್ನ ಟೀ ಕ್ಯಾನಲ್ಲೇ ತುಂಬಿಸಿ ಇಡಬಹುದಲ್ಲ?

ಕ್ಯಾನ್_ಲೆಕ್ಕ (ಕ್ಯಾತ್ಸಂದ್ರ)

ಬೇಡ ಸರ್. ಕ್ಯಾನ್ ಅಲ್ಯೂಮಿನಿಯಂ ಆಗಿದ್ರೆ ಹುಳಿ ಮಜ್ಜಿಗೆಗೆ ಲೋಹದ ವಾಸನೆ ಹಿಡಿಯುತ್ತೆ. ಸ್ಟೀಲ್ ಆದ್ರೂ ನಲ್ಲಿ ಸಣ್ಣದು, ರಾಗಿ ತಳಕ್ಕೆ ಇಳಿದು ಕಟ್ಟಿಕೊಳ್ಳುತ್ತೆ. ಅಗಲ ಬಾಯಿಯ ಸ್ಟೀಲ್ ಪಾತ್ರೆ, ಉದ್ದ ಹಿಡಿಯ ಸೌಟು, ಪ್ರತಿ ಸಲ ತಳದಿಂದ ಕದಡಿ ಬಡಿಸಲಿ. 4:30ರ ಟೀಗೂ 240ರ ಬದಲು 180 ಗ್ರಾಂ ಹಾಕಿಸಿ. ಅದಕ್ಕೆ ನೀರು 6, ಹಾಲು 6.5. ಮತ್ತೆ ತಕ್ಕಡಿ ಬೀಗದೊಳಗೆ ಇಡಬೇಡಿ, ಒಲೆ ಪಕ್ಕ ಇದ್ರೆ ಮಾತ್ರ ತೂಗ್ತಾರೆ.